ನೇಕಾರನ ಬೆನ್ನೂ ಕಿರುಗಾಯದ ಶಸ್ತ್ರಚಿಕಿತ್ಸೆಯೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ರೈತನು ದೇಶದ ಬೆನ್ನೆಲುಬು ಎಂಬ ಮಾತನ್ನು ಮಾಧ್ಯಮಿಕ ಶಾಲೆಯ ಪ್ರಬಂಧಗಳಲ್ಲಿ ಬರೆದು ಅಂಕ ಗಳಿಸಿದವರೇ ನಾವೆಲ್ಲರೂ. ಈ ಮಾತು ಬಾರದೆ ಮುಗಿದ ಭಾಷಣವನ್ನು ನಮ್ಮ ಚರ್ಚಾಕೂಟದಲ್ಲಿ ನಾನಂತೂ ಕೇಳಿಲ್ಲ. ಆದರೆ ಆ ರೈತನ ಸ್ವಂತ ಬೆನ್ನೆಲುಬು ಹೇಗಿದೆ, ನೇಕಾರನ ಸೊಂಟ ಎಷ್ಟು ವರ್ಷ ತಾಳೀತು, ಹಮಾಲಿಯ ಬೆನ್ನ ಮೇಲೆ ದಿನಕ್ಕೆ ಎಷ್ಟು ಮೂಟೆ ಏರಿ ಇಳಿಯಿತು ಎಂದು ಕೇಳಿದವರು ಎಷ್ಟು ಮಂದಿ? ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ಪ್ರಶ್ನೆ ಗ್ರಂಥಗಳಿಂದ ಬಂದುದಲ್ಲ. ಮನೆಯ ಪಡಸಾಲೆಯಿಂದ ಬಂದುದು. ಕಲಾವಿಭಾಗದ ವಿದ್ಯಾರ್ಥಿಯಾದವನು ವೈದ್ಯವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಬಲ್ಲವರು ತಪ್ಪನ್ನು ತಿದ್ದಿ, ಒಪ್ಪಿದ್ದನ್ನು ಒಪ್ಪಿಕೊಳ್ಳಬೇಕೆಂದು ಮೊದಲಿಗೇ ಬಿನ್ನವಿಸಿಕೊಳ್ಳುತ್ತೇನೆ.

ನಮ್ಮ ಸೀಮೆಯ ಕಸುಬುಗಳನ್ನು ಒಮ್ಮೆ ಎಣಿಸಿ ನೋಡಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಅಂಚಿನ ಬಣ್ಣವನ್ನೂ ಒಡಲಿನ ಬುಟ್ಟಾವನ್ನೂ ಹೊಗಳದವರಿಲ್ಲ. ಆ ಸೀರೆ ಹುಟ್ಟುವುದು ಗುಂಡಿಮಗ್ಗದಲ್ಲಿ. ನೇಕಾರನು ನೆಲದ ಮಟ್ಟದ ಹಲಗೆಯ ಮೇಲೆ ಕುಳಿತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ಮಣೆಗಳನ್ನು ತುಳಿಯುತ್ತ, ಮುಂದಕ್ಕೆ ಬಾಗಿ ಲಾಳಿ ಹಾಯಿಸಬೇಕು. ಬೆನ್ನಿಗೆ ಒರಗು ಇಲ್ಲ. ಬೆಳಗ್ಗೆ ಕುಳಿತವನು ಊಟಕ್ಕೆ ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ. ಚಳ್ಳಕೆರೆಯ ಕಡೆ ಕಂಬಳಿ ನೇಯುವವರ ಮಗ್ಗವೂ ಇದಕ್ಕೆ ದೂರವಲ್ಲ. ಅಲ್ಲಿ ರೇಷ್ಮೆಯ ಬದಲು ಕುರಿಯ ಉಣ್ಣೆ, ಅದಕ್ಕೆ ಹುಣಸೆಬೀಜದ ಗಂಜಿ. ಇನ್ನು ಎಣ್ಣೆ ಗಿರಣಿಗಳ ದೆಸೆಯಿಂದ ಎರಡನೆಯ ಮುಂಬಯಿ ಎಂದು ಹೆಸರಾದ ಚಳ್ಳಕೆರೆಯಲ್ಲಿ ಆ ಹೆಸರನ್ನು ಹೊತ್ತದ್ದು ಹಮಾಲಿಗಳ ಬೆನ್ನು. ಗಿರಣಿಗೆ ಬರುವ ಶೇಂಗಾ ಕಾಯಿ ಹೊಲದಲ್ಲಿದ್ದಾಗ ಅದನ್ನು ಕಿತ್ತವರು ನಮ್ಮ ತಾಯಂದಿರು. ಸುಗ್ಗಿಯ ದಿನಗಳಲ್ಲಿ ಸೂರ್ಯ ಹುಟ್ಟುವ ಮುಂಚೆ ಬಾಗಿದ ಸೊಂಟ ಮುಳುಗುವ ಹೊತ್ತಿಗೆ ನೆಟ್ಟಗಾದರೆ ಪುಣ್ಯ. ಹೀಗೆ ಸೀರೆ, ಕಂಬಳಿ, ಎಣ್ಣೆ ಮೂರೂ ಸೊಂಟದ ಬಲದಿಂದಲೇ ಆಗತಕ್ಕವು. ‘ಟೊಂಕ ಕಟ್ಟಿ ನಿಂತರು’ ಎಂಬ ಮಾತು ನಮ್ಮ ಊರಿನಲ್ಲಿ ಅಲಂಕಾರವಲ್ಲ, ವರದಿ.

ನಮ್ಮ ತಂದೆಯವರು ಹದಿನಾಲ್ಕನೆಯ ವಯಸ್ಸಿಗೆ ಮಗ್ಗಕ್ಕೆ ಇಳಿದವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲುಗಳಿಗೆ ಹಾಸಿದ್ದು ಅವರು ನೇಯ್ದ ಸೀರೆಗಳೇ. ನಾನು ಮೊದಲನೆಯ ಬಿ.ಎ.ಯಲ್ಲಿದ್ದಾಗ ಅವರಿಗೆ ಸೊಂಟದಿಂದ ಎಡಗಾಲಿನವರೆಗೆ ಇಳಿಯುವ ನೋವು ಕಾಣಿಸಿಕೊಂಡಿತು. ಎಣ್ಣೆ ತಿಕ್ಕಿದ್ದಾಯಿತು, ಪಟ್ಟು ಹಾಕಿದ್ದಾಯಿತು, ನಾಟಿ ವೈದ್ಯರ ಬಳಿ ಹೋದದ್ದಾಯಿತು. ಕೊನೆಗೆ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅಲ್ಲಿ ಎಂ.ಆರ್.ಐ. ಚಿತ್ರ ತೆಗೆದು, ಸೊಂಟದ ಎರಡು ಮೂಳೆಗಳನ್ನು ತಿರುಪುಮೊಳೆ ಹಾಕಿ ಬೆಸೆಯಬೇಕೆಂದರು. “ಹೊಸ ವಿಧಾನ, ಸಣ್ಣ ತೂತು ಅಷ್ಟೆ, ಮಾರನೆಯ ದಿನವೇ ನಡೆಯಬಹುದು, ವಾರದೊಳಗೆ ಹಣ ಕಟ್ಟಿ” ಎಂದರು. ಅವರು ಹೇಳಿದ ಮೊತ್ತ ನಮ್ಮ ಮನೆಯ ಎರಡು ವರ್ಷದ ಗಳಿಕೆಗಿಂತ ಹೆಚ್ಚಾಗಿತ್ತು. ಆ ರಾತ್ರಿ ನಮ್ಮ ತಾಯಿ ಇದ್ದ ಒಂದೂವರೆ ಎಕರೆ ಖುಷ್ಕಿ ಜಮೀನಿನ ಮಾತು ತೆಗೆದರು. ನಾನು ಓದು ಬಿಟ್ಟು ಕೆಲಸಕ್ಕೆ ಸೇರುವ ಮಾತು ತೆಗೆದೆ. ತಂದೆಯವರು ಎರಡಕ್ಕೂ ಒಪ್ಪದೆ ಗೋಡೆಯ ಕಡೆ ತಿರುಗಿ ಮಲಗಿದರು.

ಆಗ ನನಗೆ ತಿಳಿದಿದ್ದುದು ಬೆಲೆ ಒಂದೇ. ಚಿಕಿತ್ಸೆ ಎಂಥದು, ಏಕೆ, ಯಾರಿಗೆ ಎಂಬುದು ತಿಳಿದಿರಲಿಲ್ಲ. ಆ ಮೇಲೆ ಕೇಳಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ನನ್ನಂಥ ಮನೆಗಳಿಂದ ಬಂದ ಸಹಪಾಠಿಗಳಿಗೆ ಇದು ಉಪಯೋಗಕ್ಕೆ ಬಂದೀತು.

ಸೊಂಟದ ಭಾಗದಲ್ಲಿ ಒಂದರ ಮೇಲೊಂದು ಐದು ಕಶೇರುಮೂಳೆಗಳಿವೆ. ಎರಡೆರಡು ಮೂಳೆಗಳ ನಡುವೆ ಮೆತ್ತೆಯಂಥ ಒಂದು ಬಿಲ್ಲೆ. ಅದನ್ನು ಡಿಸ್ಕ್ ಎನ್ನುತ್ತಾರೆ. ಹಿಂಬದಿಯಲ್ಲಿ ನರಗಳು ಹಾದು ಕಾಲಿಗೆ ಇಳಿಯುತ್ತವೆ. ಬಿಲ್ಲೆ ಉಬ್ಬಿ ನರವನ್ನು ಒತ್ತಬಹುದು, ನರದ ದಾರಿಯೇ ಕಿರಿದಾಗಬಹುದು, ಅಥವಾ ಒಂದು ಮೂಳೆ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಬಹುದು. ಎರಡು ಮೂಳೆಗಳು ಅಲುಗಾಡದಂತೆ ಒಂದಾಗಿ ಬೆಳೆಯುವ ಹಾಗೆ ಮಾಡುವುದೇ ಬೆಸುಗೆಯ ಶಸ್ತ್ರಚಿಕಿತ್ಸೆ. ಇದು ನಿನ್ನೆ ಮೊನ್ನೆಯದಲ್ಲ. 1911ರಲ್ಲಿಯೇ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಎಂಬ ವೈದ್ಯರು ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದರು. ಆಗ ಅವರ ಮುಂದಿದ್ದುದು ಮುಖ್ಯವಾಗಿ ಬೆನ್ನುಮೂಳೆಯ ಕ್ಷಯ. ಕ್ಷಯದಿಂದ ಕುಸಿಯುವ ಬೆನ್ನನ್ನು ನಿಲ್ಲಿಸುವುದು ಅವರ ಉದ್ದೇಶ. 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಎಂಬವರು ಕಾಲಿಗಿಳಿಯುವ ನೋವಿಗೆ ಉಬ್ಬಿದ ಬಿಲ್ಲೆ ಕಾರಣವಾಗಬಹುದೆಂದು ತೋರಿಸಿದರು. ಅದಾದ ಬಳಿಕ ಬೆನ್ನಿನ ಶಸ್ತ್ರಚಿಕಿತ್ಸೆ ಬೆಳೆದೇ ಬೆಳೆಯಿತು. ಮೂಳೆಯೊಳಕ್ಕೆ ಹಿಂಬದಿಯಿಂದ ತಿರುಪುಮೊಳೆ ಕೂರಿಸಿ ಲೋಹದ ಪಟ್ಟಿಯಿಂದ ಬಿಗಿಯುವ ಕ್ರಮವನ್ನು ಫ್ರಾನ್ಸಿನ ರಾಯ್-ಕಮೀಲ್ 1960ರ ದಶಕದಲ್ಲಿ ರೂಢಿಗೆ ತಂದರು.

ಹಳೆಯ ಕ್ರಮದಲ್ಲಿ ಬೆನ್ನಿನ ನಡುವೆ ಉದ್ದವಾಗಿ ಕೊಯ್ದು, ಮೂಳೆಗೆ ಅಂಟಿದ ಸ್ನಾಯುಗಳನ್ನು ಬಿಡಿಸಿ, ಎರಡು ಕಡೆಗೆ ಸರಿಸಿ ಹಿಡಿಯಬೇಕಾಗಿತ್ತು. ಮನೆಯೊಳಗಿನ ಒಂದು ಕಂಬ ಸರಿಮಾಡಲು ಗೋಡೆಯನ್ನೇ ಕೆಡವಿದ ಹಾಗೆ. ಹೊಸ ಕ್ರಮದಲ್ಲಿ ಕ್ಷ-ಕಿರಣದ ಪರದೆಯನ್ನು ನೋಡುತ್ತ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಚಿಕ್ಕದಾಗಿ ಕೊಯ್ದು, ಸಣ್ಣ ಕೊಳವೆಯ ಮೇಲೆ ಅದಕ್ಕಿಂತ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು ಎಂದು ಇಳಿಸುತ್ತಾರೆ. ಇದರಿಂದ ಸ್ನಾಯುವಿನ ಎಳೆಗಳು ಕತ್ತರಿಸದೆ ಬಿಡಿಸಿಕೊಳ್ಳುತ್ತವೆ. ನೇಕಾರನ ಮಗನಿಗೆ ಇದು ಬೇಗ ಅರ್ಥವಾಗುತ್ತದೆ. ಹಾಸಿನ ಎಳೆಗಳನ್ನು ಹರಿಯದೆ ನಡುವೆ ಲಾಳಿ ಹಾಯುವುದಿಲ್ಲವೆ? ಸುಮಾರು ಎರಡು ಸೆಂಟಿಮೀಟರ್ ಅಗಲದ ಆ ಕೊಳವೆಯ ಮೂಲಕವೇ ಸವೆದ ಬಿಲ್ಲೆಯನ್ನು ತೆಗೆದು, ಮೂಳೆಯ ಚೂರು ತುಂಬಿದ ಚಿಕ್ಕ ಪಂಜರವನ್ನು ಆ ಜಾಗದಲ್ಲಿ ಇಡುತ್ತಾರೆ. ಆ ಮೇಲೆ ಚರ್ಮದ ಸಣ್ಣ ತೂತುಗಳಿಂದ ಟೈಟಾನಿಯಂ ಮೊಳೆಗಳನ್ನು ಕೂರಿಸಿ ಸರಳನ್ನು ಒಳಗೇ ತೂರಿಸಿ ಬಿಗಿಯುತ್ತಾರೆ. ಅಮೆರಿಕೆಯ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಎಂಬವರು 1997ರಲ್ಲಿ ಬಿಲ್ಲೆ ತೆಗೆಯಲು ಕೊಳವೆಯ ವಿಧಾನವನ್ನು ಪ್ರಕಟಿಸಿದರು; 2000ದ ಸುಮಾರಿಗೆ ಬೆಸುಗೆಯ ಕೆಲಸವೂ ಈ ದಾರಿಗೆ ಬಂತು.

ಇದರ ಲಾಭ ನಿಜವಾದುದು. ರಕ್ತ ಕಡಿಮೆ ಹೋಗುತ್ತದೆ, ಆಸ್ಪತ್ರೆಯ ದಿನಗಳು ಕಡಿಮೆಯಾಗುತ್ತವೆ, ಮೊದಲ ವಾರಗಳ ನೋವು ಇಳಿಯುತ್ತದೆ. ದಿನಗೂಲಿಯವನಿಗೆ ಒಂದು ವಾರ ಉಳಿದರೂ ಅದು ಸಣ್ಣ ಮಾತಲ್ಲ. ಆದರೆ ಇದರ ಮಿತಿಯೂ ನಿಜವಾದುದೇ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಹಳೆಯ ಕ್ರಮದವರಿಗೂ ಹೊಸ ಕ್ರಮದವರಿಗೂ ನೋವಿನಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲ. ಕ್ಷ-ಕಿರಣದ ಬಳಕೆ ಹೆಚ್ಚು. ವೈದ್ಯನ ಕೈ ಪಳಗಲು ಕಾಲ ಬೇಕು. ಗಾಯ ಚಿಕ್ಕದಾದರೂ ಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಬೀಡಿ ಸಿಗರೇಟು ಸೇದುವವರಲ್ಲಿ ಅದು ಕೂಡದೆಯೂ ಹೋಗಬಹುದು. ಬಾಗಿಲು ಕಿರಿದಾದ ಮಾತ್ರಕ್ಕೆ ಒಳಗೆ ನಡೆಯುವ ಕೆಲಸ ಕಿರಿದಾಗದು. ನಮ್ಮ ಜನ ಮೋಸಹೋಗುವುದು ಇಲ್ಲಿಯೇ. ಮೊದಲು ಉದ್ದ ಗಾಯದ ಭಯವಾದರೂ ನಮ್ಮನ್ನು ಎರಡು ಸಲ ಯೋಚಿಸುವಂತೆ ಮಾಡುತ್ತಿತ್ತು. ಈಗ “ಸಣ್ಣ ತೂತು” ಎಂಬ ಮಾತು ಆ ಯೋಚನೆಯನ್ನೂ ತೂತಿನೊಳಗೆ ನುಂಗಿಬಿಡುತ್ತದೆ.

ಹಾಗಾದರೆ ಬೆಸುಗೆ ಯಾರಿಗೆ ಬೇಕು? ಈ ಪ್ರಶ್ನೆಯನ್ನು ದೊಡ್ಡ ದೇಶಗಳ ವೈದ್ಯರೇ ತಮ್ಮನ್ನು ಕೇಳಿಕೊಂಡಿದ್ದಾರೆ. ಸ್ವೀಡನ್ನಿನಲ್ಲಿ 294 ರೋಗಿಗಳ ಮೇಲೆ ನಡೆಸಿದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು; ಬಹುಕಾಲದ ಸೊಂಟನೋವಿಗೆ ಸಾಮಾನ್ಯ ಶುಶ್ರೂಷೆಗಿಂತ ಬೆಸುಗೆ ಮೇಲೆಂದು ಅದರಲ್ಲಿ ಕಂಡಿತು. ಆದರೆ 2005ರಲ್ಲಿ ಬ್ರಿಟನ್ನಿನ 349 ರೋಗಿಗಳ ಪ್ರಯೋಗದಲ್ಲಿ, ಶ್ರದ್ಧೆಯಿಂದ ಕಲಿಸಿದ ವ್ಯಾಯಾಮ ಮತ್ತು ಮನಸ್ಸಿನ ತರಬೇತಿಗಿಂತ ಬೆಸುಗೆ ಮೇಲೆಂಬುದಕ್ಕೆ ಸ್ಪಷ್ಟ ಪುರಾವೆ ದೊರೆಯಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ತೋರುವುದಿಷ್ಟು: ಅರೆಮನಸ್ಸಿನ ವ್ಯಾಯಾಮಕ್ಕಿಂತ ಮೊಳೆ ಲೇಸಿರಬಹುದು, ಪೂರ್ಣಮನಸ್ಸಿನ ವ್ಯಾಯಾಮದ ಮುಂದೆ ಮೊಳೆಯ ಹೆಚ್ಚುಗಾರಿಕೆ ಕಾಣುವುದಿಲ್ಲ. ನರದ ದಾರಿ ಕಿರಿದಾದ 247 ಮಂದಿಯ ಮೇಲೆ ಸ್ವೀಡನ್ನಿನಲ್ಲಿಯೇ ನಡೆದು 2016ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ನರದ ಒತ್ತಡ ಬಿಡಿಸುವುದರ ಜೊತೆಗೆ ಬೆಸುಗೆಯನ್ನೂ ಮಾಡಿದ್ದರಿಂದ ಎರಡು ವರ್ಷದ ಬಳಿಕ ಹೆಚ್ಚಿನ ಫಲ ಕಾಣಲಿಲ್ಲ. ಅದೇ ವರ್ಷ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು ಬರಿಯ ಸೊಂಟನೋವಿಗೆ, ಸಂಶೋಧನೆಯ ಭಾಗವಾಗಿ ಹೊರತು, ಬೆಸುಗೆ ಮಾಡಬಾರದೆಂದು ಸೂಚಿಸಿತು.

ಚಿತ್ರದ ವಿಷಯವನ್ನೂ ಹೇಳಬೇಕು. ಬೆನ್ನುನೋವೇ ಇಲ್ಲದ 98 ಜನರ ಎಂ.ಆರ್.ಐ. ತೆಗೆದು ನೋಡಿದ ಅಮೆರಿಕೆಯ ಪರೀಕ್ಷೆಯೊಂದು 1994ರಲ್ಲಿ ಪ್ರಕಟವಾಯಿತು. ಎಲ್ಲ ಬಿಲ್ಲೆಗಳೂ ಸರಿಯಾಗಿದ್ದವರು ಅವರಲ್ಲಿ ಶೇಕಡ 36 ಮಾತ್ರ! ಅಂದರೆ ಬಿಲ್ಲೆ ಉಬ್ಬುವುದು, ಸವೆಯುವುದು ಅನೇಕರಲ್ಲಿ ತಲೆ ನರೆತ ಹಾಗೆ. ಚಿತ್ರವನ್ನು ದೀಪದ ಮುಂದೆ ಹಿಡಿದು “ನೋಡಿ, ಇಲ್ಲಿ ಹೋಗಿದೆ” ಎಂದಾಗ ನಮ್ಮ ಎದೆ ಜಗ್ಗೆನ್ನುವುದು ಸಹಜ. ಆದರೆ ಚಿತ್ರಕ್ಕೆ ಚಿಕಿತ್ಸೆ ಬೇಕಾಗಿಲ್ಲ, ಮನುಷ್ಯನಿಗೆ ಬೇಕಾಗಿದೆ.

ನಮ್ಮ ತಂದೆಯವರ ವಿಷಯದಲ್ಲಿ ಈ ಮಾತನ್ನು ಮೊದಲು ಹೇಳಿದವರು ಒಬ್ಬ ಸರಕಾರಿ ವೈದ್ಯರು. ಇನ್ನೊಬ್ಬರ ಅಭಿಪ್ರಾಯ ಕೇಳು ಎಂದು ನನಗೆ ಬುದ್ಧಿ ಹೇಳಿದವರು ಈ ಕಾಲೇಜಿನ ಅಧ್ಯಾಪಕರೊಬ್ಬರು. ಅವರ ಉಪಕಾರವನ್ನು ನಾನು ಮರೆಯಲಾರೆ. ಆ ವೈದ್ಯರು ಚಿತ್ರವನ್ನು ಆ ಮೇಲೆ ನೋಡೋಣವೆಂದು ಪಕ್ಕಕ್ಕಿಟ್ಟು, ತಂದೆಯವರನ್ನು ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಸಿದರು. ಮಲಗಿಸಿ ಕಾಲೆತ್ತಿ ನೋಡಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು, ಮೂತ್ರದ ಹಿಡಿತ ಹೇಗಿದೆ ಎಂದು ಕೇಳಿದರು. “ಮೂಳೆ ಜಾರಿಲ್ಲ, ಕಾಲಿನ ಶಕ್ತಿ ಹೋಗಿಲ್ಲ. ಮೂರು ತಿಂಗಳು ವ್ಯಾಯಾಮ ಮಾಡಿ, ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಬನ್ನಿ” ಎಂದರು. ತಂದೆಯವರು ಮೊದಲ ತಿಂಗಳು ನಂಬಲಿಲ್ಲ. ಚಾಪೆಯ ಮೇಲೆ ಮಲಗಿ ಕಾಲೆತ್ತುವುದಕ್ಕೆ ಔಷಧವೆಂಬ ಹೆಸರೇ? ನಾನೂ ಜೊತೆಗೆ ಮಲಗಿ ಎತ್ತಿದ್ದರಿಂದ ನಾಚಿಕೆ ಬಿಟ್ಟು ಮಾಡಿದರು. ಮಗ್ಗದ ಹಲಗೆಯನ್ನು ನಾಲ್ಕು ಬೆರಳು ಎತ್ತರಿಸಿದೆವು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದನ್ನು ರೂಢಿಮಾಡಿದೆವು. ನಾಲ್ಕು ತಿಂಗಳಿಗೆ ಕಾಲಿನ ನೋವು ಹೋಯಿತು. ಸೊಂಟದ ನೋವು ಪೂರ್ತಿ ಹೋಯಿತೆಂದು ಬರೆದರೆ ಸುಳ್ಳಾದೀತು. ಮೋಡ ಕವಿದ ದಿನ ಇಂದಿಗೂ ಬರುತ್ತದೆ. ಮೊದಲಿನಷ್ಟು ನೇಯಲಾಗುವುದಿಲ್ಲ. ಆದರೆ ಜಮೀನು ಉಳಿಯಿತು, ಮಗ್ಗ ಉಳಿಯಿತು, ನಾನು ಈ ಲೇಖನವನ್ನು ಬರೆಯುವ ತರಗತಿಯಲ್ಲಿ ಉಳಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಶಸ್ತ್ರಚಿಕಿತ್ಸೆಯೇ ಕೆಟ್ಟದ್ದೆಂದು ಹೇಳಿದಂತಾಗಿ ಅನ್ಯಾಯವಾದೀತು. ನಮ್ಮ ಬೀದಿಯಲ್ಲಿಯೇ ಐವತ್ತು ದಾಟಿದ ಒಬ್ಬ ತಾಯಿ ಇದ್ದಾರೆ. ಶೇಂಗಾ ಕಿತ್ತೇ ಮೂರು ಮಕ್ಕಳನ್ನು ಸಾಕಿದವರು. ಹತ್ತು ಮಾರು ನಡೆಯುವಷ್ಟರಲ್ಲಿ ಎರಡು ಕಾಲೂ ಜೋಮು ಹಿಡಿದು ಕೂತುಬಿಡುತ್ತಿದ್ದರು. “ವಯಸ್ಸಾಯಿತು” ಎಂದು ಮನೆಯವರು ಎರಡು ವರ್ಷ ತಳ್ಳಿದರು. ಪರೀಕ್ಷಿಸಿದಾಗ ಮೂಳೆ ಜಾರಿ ನರಗಳು ಅಮುಕಿ ಹೋಗಿದ್ದವು, ಪಾದದ ಶಕ್ತಿ ಇಳಿಯುತ್ತ ಬಂದಿತ್ತು. ಬೆಂಗಳೂರಿನ ಸರಕಾರಿ ಆಸ್ಪತ್ರೆಯಲ್ಲಿ ಅವರಿಗೆ ಈ ಕಿರುಗಾಯದ ಬೆಸುಗೆಯನ್ನೇ ಮಾಡಿದರು. ಎರಡನೆಯ ದಿನ ಎದ್ದು ನಿಂತರು; ಇಂದು ಸಂತೆಗೆ ನಡೆದುಹೋಗುತ್ತಾರೆ. ನಮ್ಮ ತಾಯಿ ಅವರ ಬೆನ್ನಿನ ಗಾಯಗಳನ್ನು ಕಂಡು “ಇಷ್ಟೇನಾ?” ಎಂದು ಬೆರಗಾದರು. ಅದೇ ಮೊಳೆ, ಅದೇ ಕೊಳವೆ. ಆ ತಾಯಿಗೆ ವರವಾದದ್ದು ನಮ್ಮ ತಂದೆಗೆ ಸಾಲವಾಗುತ್ತಿತ್ತು. ವ್ಯತ್ಯಾಸವಿರುವುದು ಉಪಕರಣದಲ್ಲಿ ಅಲ್ಲ, ಅಗತ್ಯದಲ್ಲಿ.

ಆದ್ದರಿಂದ ನನ್ನ ಮೊದಲನೆಯ ಸೂಚನೆ: ಹೆದರುವುದೂ ಬೇಡ, ಆರಾಧಿಸುವುದೂ ಬೇಡ, ಕೇಳಬೇಕು. ಮೂಳೆ ಜಾರಿದೆಯೆ? ನರದ ಶಕ್ತಿ ಕುಂದಿದೆಯೆ? ಬೆಸುಗೆಯಿಲ್ಲದೆ ನರವನ್ನು ಮಾತ್ರ ಬಿಡಿಸಿದರೆ ಸಾಲದೆ? ಮೂರು ತಿಂಗಳು ಕಾದರೆ ಏನು ನಷ್ಟ? ಈ ನಾಲ್ಕು ಪ್ರಶ್ನೆಗಳನ್ನು ಕೇಳುವುದು ವೈದ್ಯರಿಗೆ ಅಗೌರವವಲ್ಲ. ಒಳ್ಳೆಯ ವೈದ್ಯರು ಇವಕ್ಕೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಕಾಲು ಸೋಲುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ ಅಥವಾ ದೇಹ ಸೊರಗುವುದರೊಡನೆ ಬೆನ್ನುನೋವು ಬರುವುದು, ಇವು ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಕೊನೆಯದು ಹಿಬ್ಸ್ ಮತ್ತು ಆಲ್ಬೀ ಕಂಡ ಅದೇ ಕ್ಷಯವಿರಬಹುದು.

ಎರಡನೆಯದು ಹಣದ ಮಾತು. 2018ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಯಿತು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯೂ 2022ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಮತ್ತೆ ಜೀವ ಪಡೆಯಿತು. ನೇಕಾರರ ಸಂಘದ ಚಂದಾ ಕಟ್ಟುವಾಗ ಇದನ್ನು ವಿಚಾರಿಸುವವರು ನಮ್ಮ ಬೀದಿಯಲ್ಲಿ ಬೆರಳೆಣಿಕೆಯಷ್ಟು. ಅರ್ಜಿ ತುಂಬಲು ಬಾರದವರ ಮನೆಯಲ್ಲಿ ಬಿ.ಎ. ಓದುವ ಮಗನೋ ಮಗಳೋ ಇದ್ದರೆ ಆ ಅರ್ಜಿ ಯಾರ ಕೆಲಸ? ಜಮೀನು ಮಾರುವ ಮಾತು ಬರುವ ಮುಂಚೆ ಕಾರ್ಡನ್ನು ಹೊರತೆಗೆಯುವ ಬುದ್ಧಿ ಅಂದು ನನಗೇ ಬಂದಿರಲಿಲ್ಲವೆಂಬ ನಾಚಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೆನ್ನು ಮುರಿದ ಮೇಲೆ ಬೆಸೆಯುವ ವಿದ್ಯೆ ಇಷ್ಟು ಬೆಳೆದಿರುವಾಗ, ಮುರಿಯದಂತೆ ಕಾಯುವ ವಿದ್ಯೆ ಏಕೆ ಗುಂಡಿಯೊಳಗೇ ಉಳಿಯಿತು? ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಾಯಾಮ ಚಿಕಿತ್ಸೆ ಕಲಿಸುವವರು ವಾರದ ಎಲ್ಲ ದಿನವೂ ಸಿಗುವಂತಾಗಬೇಕು. ಒಬ್ಬನು ಹೊರಬಹುದಾದ ಭಾರಕ್ಕೆ 55 ಕಿಲೋಗ್ರಾಂ ಮೇಲ್ಮಿತಿಯೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು; ನಮ್ಮ ಮಂಡಿಗಳಲ್ಲಿಯೂ ಗಿರಣಿಗಳಲ್ಲಿಯೂ ಪ್ರತಿ ಮೂಟೆಯೂ ಆ ಮಿತಿಗೆ ಒಳಪಟ್ಟಿರಬೇಕು. ಮಗ್ಗಕ್ಕೆ ಒರಗುಳ್ಳ ಒಂದು ಆಸನ ಬೇಕು. ಚಳ್ಳಕೆರೆಯ ಕಾವಲಿನಲ್ಲಿ 2017ರಿಂದ ವಿಮಾನ ಪರೀಕ್ಷಾ ಕೇಂದ್ರವಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಕ್ಯಾಂಪಸ್ಸಿದೆ. ಚಾಲಕನಿಲ್ಲದ ವಿಮಾನವನ್ನು ನಮ್ಮ ಹುಲ್ಲುಗಾವಲಿನ ಮೇಲೆ ಹಾರಿಸಬಲ್ಲ ಜಾಣರು ಪಕ್ಕದ ಊರಿನ ಗುಂಡಿಮಗ್ಗದ ಹಲಗೆಯನ್ನು ಒಂದು ದಿನ ಅಳೆದು ನೋಡಬಾರದೆ? ಟೈಟಾನಿಯಂ ಮೊಳೆಗಿಂತ ಮರದ ಒರಗು ಅಗ್ಗ.

ವಿದ್ಯುತ್ ಮಗ್ಗ ಬಂದರೆ ಈ ತೊಂದರೆಯೇ ತಪ್ಪುವುದಲ್ಲ ಎಂದು ಮಿತ್ರರೊಬ್ಬರು ವಾದಿಸಿದರು. ಬೆನ್ನಿನ ಜೊತೆಗೆ ಕಸುಬೂ ತಪ್ಪುತ್ತದೆ ಎಂಬುದೇ ಅದಕ್ಕೆ ನನ್ನ ಉತ್ತರ. ಹಿಂದಿನವರಿಗೆ ಬೆನ್ನುನೋವೇ ಇರಲಿಲ್ಲ ಎಂದು ಇನ್ನೊಬ್ಬರು ಹೇಳಿದರು. ನಮ್ಮ ಅಜ್ಜ ಕೊನೆಯ ಹತ್ತು ವರ್ಷ ಕೋಲಿನ ಮೇಲೆ ಬಾಗಿ ನಡೆದರು. ಅದನ್ನು ನಾವು ನೋವೆನ್ನಲಿಲ್ಲ, ಮುಪ್ಪೆಂದೆವು.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ತಾಯಿತಂದೆಗಳಿಗೆ ವಿಧೇಯರಾಗಿರಬೇಕೆಂದು ಕೊರೆಸಿದ್ದಾನೆ. ಪ್ರವಾಸಕ್ಕೆ ಹೋದಾಗ ಅದರ ಮುಂದೆ ನಿಂತು ನಾವೆಲ್ಲರೂ ಚಿತ್ರ ತೆಗೆಸಿಕೊಂಡೆವು. ಅಂದು ಮನೆಗೆ ಬಂದಾಗ ತಂದೆಯವರು ಮಗ್ಗದಿಂದ ಏಳಲು ಗೋಡೆ ಹಿಡಿದುಕೊಂಡಿದ್ದರು. ನಾನು ಕೈ ಕೊಟ್ಟೆ. ಪದವಿ ಪಡೆದು ಊರು ಬಿಡುವ ಮುನ್ನ ನಾವು ಒಬ್ಬೊಬ್ಬರೂ ನಮ್ಮ ಮನೆಯವರನ್ನು “ಸೊಂಟ ಹೇಗಿದೆ?” ಎಂದು ಒಮ್ಮೆ ಕೇಳಿ, ಅವರ ಉತ್ತರವನ್ನು ಕೂತು ಕೇಳಿದರೆ ಈ ಲೇಖನ ಸಾರ್ಥಕವಾಯಿತೆಂದು ತಿಳಿಯುತ್ತೇನೆ.